ತೊಂಬತ್ತಾರು ಸುತ್ತು

ತಂತಿಯ ಸುತ್ತು ಎಣಿಸುವ, ಕೆಟ್ಟುಹೋದ ಉಪಕರಣ ಕಾರ್ಖಾನೆಯದು. ಅದನ್ನು ದುರಸ್ತಿ ಮಾಡಿಸದೆ ವರ್ಷಗಟ್ಟಲೆ ಬಿಟ್ಟವರು ಅಧಿಕಾರಿಗಳು. ಅದರ ಫಲವನ್ನು ಅನುಭವಿಸಿದವರು ಮಾತ್ರ ವೈಂಡಿಂಗ್ ವಿಭಾಗದ ಹನ್ನೊಂದು ಮಂದಿ ಹೆಂಗಸರು. ಅವರೊಳಗೂ ಕೆಲಸದಲ್ಲಿದ್ದಷ್ಟು ಕಾಲ ಅನುಭವಿಸಿದವರು ಒಬ್ಬರು.

ಅವರು ಕಳೆದ ತಿಂಗಳು ತೀರಿಕೊಂಡರು. ಕಾರ್ಖಾನೆಯವರು ತಮ್ಮ ನೌಕರರಿಗಾಗಿ ಅಚ್ಚುಹಾಕಿಸುವ ಪತ್ರಿಕೆಯಲ್ಲಿ ಐದು ಸಾಲಿನ ಶ್ರದ್ಧಾಂಜಲಿ ಬಂದಿದೆ. ‘ನಮ್ಮ ವಾರ್ಷಿಕೋತ್ಸವಗಳ ಮೆಚ್ಚಿನ ನರ್ತಕಿ’ ಎಂಬ ಮಾತು ಅದರಲ್ಲಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಅಲ್ಲಿ ಮಾಡಿದ ಕೆಲಸವೇನು ಎಂಬುದು ಅದರಲ್ಲಿಲ್ಲ. ಅವರ ಹೆಸರನ್ನು ನಾನೂ ಬರೆಯುತ್ತಿಲ್ಲ. ಮನೆಯವರು ಬೇಡವೆಂದಿದ್ದಾರೆ, ಅವರ ಮಾತಿಗೆ ನಾನು ಬದ್ಧಳು. ಆದರೆ ಅವರ ಕೆಲಸದ ವಿಷಯ ಬರೆಯಬಾರದೆಂದು ಯಾರೂ ಹೇಳಿಲ್ಲ.

ನಾನು ಆ ಕಾರ್ಖಾನೆಯ ಕಚೇರಿಗೆ ಟೈಪಿಸ್ಟಾಗಿ ಸೇರಿದ್ದು ಐವತ್ತರ ದಶಕದ ನಡುವಿನಲ್ಲಿ. ಬನಶಂಕರಿಯ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ, ನೀರೆತ್ತುವ ಪಂಪುಗಳಿಗೆ ಮೋಟಾರು ತಯಾರಿಸುತ್ತಿದ್ದ ಕಾರ್ಖಾನೆ ಅದು. ನಮ್ಮ ಮನೆ ಜಯನಗರದಲ್ಲಿತ್ತು. ಆಗಿನ ಜಯನಗರವೆಂದರೆ ಗುರುತಿನ ಕಲ್ಲು ನೆಟ್ಟ ಖಾಲಿ ಸೈಟುಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಸ ಮನೆ. ಅವರದು ಸಾರಕ್ಕಿ. ಸಂಜೆ ಕಾರ್ಖಾನೆಯ ಗೇಟಿನಿಂದ ಅರ್ಧ ದಾರಿ ಜೊತೆಯಾಗಿ ನಡೆಯುತ್ತಿದ್ದೆವು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ.

ಅವರ ತಂದೆಗೆ ಸಾರಕ್ಕಿಯ ಬಳಿ ರಾಗಿ ಹೊಲವಿತ್ತು. ಬಡಾವಣೆಗೆಂದು ಅದನ್ನು ಸ್ವಾಧೀನಪಡಿಸಿಕೊಂಡರು. ಹೊಲ ಕಳೆದುಕೊಂಡವರ ಮಕ್ಕಳಿಗೆ ಯಾವ ಕೆಲಸ ಕಲಿಸಬೇಕು, ಎಲ್ಲಿಗೆ ಸೇರಿಸಬೇಕು ಎಂದು ಯಾರೂ ಯೋಚಿಸಲಿಲ್ಲ. ಇದು ಮೊದಲನೆಯ ಅನ್ಯಾಯ. ನಮ್ಮಂಥವರ ಮನೆಗಳು ನಿಂತದ್ದು ಅಂಥ ಹೊಲಗಳ ಮೇಲೆಯೇ ಆದ್ದರಿಂದ ಇದನ್ನು ನಾವು ಅನ್ಯಾಯವೆಂದು ಕರೆದದ್ದೂ ಇಲ್ಲ. ಒಮ್ಮೆ ನಮ್ಮ ಹಿತ್ತಲಿಗೆ ಬಂದ ಅಕ್ಕ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿದರು.

‘ನಮ್ದೂ ಇಂಥದ್ದೇ ಮಣ್ಣು ಕಣಮ್ಮ. ರಾಗಿ ಸೊಂಟದ ಮಟ್ಟಕ್ಕೆ ಬರೋದು. ನೀವು ಇದ್ರಲ್ಲಿ ಬರೀ ಕನಕಾಂಬರ ಹಾಕೀರಲ್ಲ’ ಎಂದರು. ಬೈದದ್ದಲ್ಲ. ಮಣ್ಣು ದಂಡವಾಗುತ್ತಿದೆಯೆಂಬ ಕೊರಗು ಅಷ್ಟೇ.

ಹೊಲ ಹೋದ ಮೇಲೆ ಅಕ್ಕ ಜಯನಗರದ ಹೊಸ ಮನೆಗಳಿಗೆ ಮೊಸರು ಹಾಕುತ್ತಿದ್ದರು. ಆ ಮನೆಗಳಲ್ಲೊಂದು ನಾಟ್ಯ ಕಲಿಸುವ ವೃದ್ಧೆಯೊಬ್ಬರದು. ಹಿಂದೊಮ್ಮೆ ದೇವಸ್ಥಾನಗಳಲ್ಲೂ ಶ್ರೀಮಂತರ ಮದುವೆಗಳಲ್ಲೂ ಕುಣಿದ ಮನೆತನದವರು ಅವರು. ಆ ಮನೆತನದ ಹೆಣ್ಣುಮಕ್ಕಳು ಕುಣಿದಾಗ ಅದನ್ನು ಅವಮಾನವೆಂದ ಸಮಾಜ, ಅದೇ ಕುಣಿತವನ್ನು ತನ್ನ ಮಕ್ಕಳಿಗೆ ಕಲೆಯೆಂದು ಕಲಿಸತೊಡಗಿತ್ತು. ಕಲಿಸುವವರನ್ನು ಮಾತ್ರ ಊಟದ ಪಂಕ್ತಿಗೆ ಕರೆಯುತ್ತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನಮ್ಮ ಬೀದಿಯಲ್ಲೇ.

ಮೊಸರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತು ಪಾಠ ನೋಡುತ್ತಿದ್ದ ಈ ಹುಡುಗಿಗೆ ಗುರುಗಳು ಒಂದು ದಿನ, ‘ಹೊಸ್ತಿಲಲ್ಲಿ ನಿಂತ್ಕೊಂಡು ತಾಳ ಹಾಕ್ತೀಯಲ್ಲ, ಒಳಗೆ ಬಂದು ಹಾಕು. ತಪ್ಪಿದ್ರೆ ಹೊಡೆಯೋಕೆ ನನಗೂ ಅನುಕೂಲ’ ಎಂದರಂತೆ. ಆಗ ಇವರಿಗೆ ಇಪ್ಪತ್ತೆರಡು ದಾಟಿತ್ತು. ಮೊಸರು ಹಾಕುವವಳ ಜೊತೆ ತಮ್ಮ ಮಕ್ಕಳು ಒಂದೇ ಸಾಲಿನಲ್ಲಿ ನಿಲ್ಲಬಾರದೆಂದು ಇಬ್ಬರು ತಾಯಂದಿರು ತಮ್ಮ ಹುಡುಗಿಯರನ್ನು ಬಿಡಿಸಿದರು. ಗುರುಗಳು ಕರೆದು ಸಮಾಧಾನ ಹೇಳಲು ಹೋಗಲಿಲ್ಲ. ‘ಎರಡು ಜೊತೆ ಗೆಜ್ಜೆ ಕಡಿಮೆ ಆಯ್ತು. ಒಳ್ಳೇದೇ, ಇನ್ನು ತಾಳ ಸರಿಯಾಗಿ ಕೇಳ್ಸುತ್ತೆ’ ಎಂದು ಪಾಠ ಮುಂದುವರಿಸಿದರು.

ಆಮೇಲೆ ಒಂದೆರಡು ವರ್ಷಕ್ಕೆ ಕಾರ್ಖಾನೆ ಹೆಂಗಸರನ್ನು ಸೇರಿಸಿಕೊಳ್ಳತೊಡಗಿತು. ಹೆಂಗಸರ ಬೆರಳು ತೆಳ್ಳಗಿರುತ್ತದೆ, ತಾಮ್ರದ ತಂತಿ ಹರಿಯುವುದಿಲ್ಲ ಎಂಬುದು ಅಧಿಕಾರಿಗಳು ಹೇಳಿದ ಕಾರಣ. ಹೆಂಗಸರನ್ನು ಎಷ್ಟು ವರ್ಷವಾದರೂ ‘ಹೆಲ್ಪರ್’ ದರ್ಜೆಯಲ್ಲಿ ಇಟ್ಟುಕೊಳ್ಳಬಹುದು ಎಂಬುದು ಹೇಳದ ಕಾರಣ.

ವೈಂಡಿಂಗ್ ಎಂದರೆ ಮೋಟಾರಿನೊಳಗೆ ಕೂರುವ ತಂತಿಯ ಸುರುಳಿಯನ್ನು, ಅಂದರೆ ಕಾಯಿಲನ್ನು, ಸುತ್ತುವ ಕೆಲಸ. ಬಲಗೈ ಹಿಡಿಕೆ ತಿರುಗಿಸುತ್ತದೆ. ಎಡಗೈ ತಂತಿಯನ್ನು ಸಡಿಲವಾಗದಂತೆ, ಬಿಗಿದು ತುಂಡಾಗದಂತೆ ನಡೆಸುತ್ತದೆ. ಪ್ರತಿ ಕಾಯಿಲಿಗೆ ತೊಂಬತ್ತಾರು ಸುತ್ತು. ಒಂದು ಕಡಿಮೆಯಾದರೂ ಹೆಚ್ಚಾದರೂ ಮೋಟಾರು ಬಿಸಿಯೇರಿ ಕೆಡುತ್ತದೆ. ಸುತ್ತನ್ನು ಎಣಿಸಲು ಯಂತ್ರಕ್ಕೊಂದು ಪುಟ್ಟ ಉಪಕರಣವಿತ್ತು. ಒಂದೊಂದಾಗಿ ಅವೆಲ್ಲ ಕೆಟ್ಟವು. ಬಿಡಿಭಾಗ ವಿದೇಶದಿಂದ ಬರಬೇಕು ಎಂದರು. ಅದೇ ಸಮಯದಲ್ಲಿ ಮ್ಯಾನೇಜರ ಕೋಣೆಗೆ ವಿದೇಶದ ಗಡಿಯಾರವೊಂದು ಬಂತೆಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಎರಡೂ ಕೈಗೆ ಕೆಲಸ, ಬಾಯಲ್ಲಿ ಎಣಿಕೆ. ಐವತ್ತು ದಾಟುವಷ್ಟರಲ್ಲಿ ಯಾರಾದರೂ ಮಾತನಾಡಿಸಿದರೆ ಎಣಿಕೆ ತಪ್ಪುತ್ತಿತ್ತು. ಆಗ ಈ ಅಕ್ಕ ಕಂಡುಹಿಡಿದ ಉಪಾಯವನ್ನು ಎಂಜಿನಿಯರಿಂಗ್ ಓದಿದವರಾರೂ ಕಂಡುಹಿಡಿದಿರಲಿಲ್ಲ. ‘ತಕಧಿಮಿ ತಕಜನು’ ಎಂದರೆ ಎಂಟು ಅಕ್ಷರ, ಎಂಟು ಸುತ್ತು. ಆದಿತಾಳದ ಒಂದು ಆವರ್ತ. ಹೀಗೆ ಹನ್ನೆರಡು ಆವರ್ತವಾದರೆ ತೊಂಬತ್ತಾರು. ಹನ್ನೆರಡನ್ನು ಎಣಿಸುವುದು ಹೇಗೆ? ಕಾಲು ಬಿಡುವಾಗಿತ್ತಲ್ಲ. ಚಪ್ಪಲಿ ಕಳಚಿ, ಪಾದದ ಬಳಿ ಹನ್ನೆರಡು ಹುಣಿಸೆ ಬೀಜ ಇಟ್ಟುಕೊಂಡು, ಆವರ್ತ ಮುಗಿದಂತೆ ಹೆಬ್ಬೆರಳಿನಿಂದ ಒಂದೊಂದೇ ಬೀಜವನ್ನು ಎಡದಿಂದ ಬಲಕ್ಕೆ ಸರಿಸುವುದು. ತಿಂಗಳೊಳಗೆ ಹನ್ನೊಂದು ಮಂದಿಯೂ ಅದನ್ನು ಕಲಿತರು. ನಾನು ಕಾಗದ ಹಿಡಿದು ಆ ವಿಭಾಗಕ್ಕೆ ಹೋದಾಗಲೆಲ್ಲ ಹನ್ನೊಂದು ಗಂಟಲಿನ ಆ ಮೆಲುದನಿ ಕೇಳುತ್ತಿತ್ತು. ತಪ್ಪಾದ ಕಾಯಿಲು ಬರುವುದೇ ನಿಂತುಹೋಯಿತು.

ಫೋರ್‌ಮನ್ ಇದನ್ನು ಹಾಡು ಎಂದು ಕರೆದ. ಕೆಟ್ಟವನಲ್ಲ, ಆದರೆ ಹೆಂಗಸರನ್ನು ಚುಚ್ಚದೆ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ‘ಇಲ್ಲಿ ಮೋಟಾರ್ ಮಾಡ್ತಿದೀವೋ ಮದುವೆ ಮಾಡ್ತಿದೀವೋ?’ ಎಂದು ಒಂದು ದಿನ. ‘ನಿಂದೇ ಆಗ್ಲಿಲ್ವಲ್ಲಮ್ಮ ಇನ್ನೂ, ಯಾವಾಗ?’ ಎಂದು ಇನ್ನೊಂದು ದಿನ ಅಕ್ಕನಿಗೆ.

‘ಆಗೈತೆ ಸಾರ್, ಎರಡು. ಬೆಳಿಗ್ಗೆದು ಒಂದು, ಸಾಯಂಕಾಲದ್ದು ಒಂದು. ಮೂರನೇದಕ್ಕೆ ಪುರಸೊತ್ತಿಲ್ಲ’ ಎಂದರು ಅಕ್ಕ, ಕೈ ನಿಲ್ಲಿಸದೆ. ಹತ್ತು ಮಂದಿ ನಕ್ಕರು. ಅವರ ಎಣಿಕೆ ತಪ್ಪಿತು, ಇವರದು ತಪ್ಪಲಿಲ್ಲ.

ಅವರಿಗೆ ಬೇಕಾಗಿದ್ದುದು ಒಂದೇ: ಮೊದಲ ದರ್ಜೆಯ ವೈಂಡರ್ ಎನಿಸಿಕೊಳ್ಳುವುದು. ಮೊದಲ ದರ್ಜೆಯವರು ತಾವು ಸುತ್ತಿದ ಕಾಯಿಲಿಗೆ ತಮ್ಮದೇ ನಂಬರಿನ ಚೀಟಿ ಕಟ್ಟುತ್ತಿದ್ದರು. ಹೆಲ್ಪರುಗಳಿಗೆ ಚೀಟಿಯಿಲ್ಲ. ಅವರು ಸುತ್ತಿದ ಕಾಯಿಲಿಗೆ ಆ ವಿಭಾಗದ ಯಾವನಾದರೂ ದರ್ಜೆಯುಳ್ಳ ಗಂಡಸಿನ ಚೀಟಿ. ಹಾಗೆ ಅವರು ಸುತ್ತಿದ ಸಾವಿರಾರು ಕಾಯಿಲುಗಳು ಬೇರೆಯವರ ಕೈಕೆಲಸವೆಂದು ಹೊರಗೆ ಹೋದವು. ‘ನಾನು ಸುತ್ತಿದ್ದಕ್ಕೆ ನನ್ನ ಚೀಟಿ. ಬೇರೇನು ಕೇಳಿದೆ ನಾನು?’ ಎನ್ನುತ್ತಿದ್ದರು ದಾರಿಯಲ್ಲಿ.

ಒಂದು ಸೋಮವಾರ ನಡೆದ ವಿಷಯ ಹೇಳಬೇಕು. ಹಿಂದಿನ ಭಾನುವಾರವೆಲ್ಲ ಗುರುಗಳು ಅವರಿಗೆ ಮಿಶ್ರಛಾಪು ತಾಳದ ಹೊಸದೊಂದು ನೃತ್ಯವನ್ನು ತಿದ್ದಿ ತಿದ್ದಿ ಕಲಿಸಿದ್ದರು. ಮಿಶ್ರಛಾಪಿನ ಆವರ್ತಕ್ಕೆ ಏಳೇ ಅಕ್ಷರ: ತಕಿಟ ತಕಧಿಮಿ. ಮರುದಿನ ಬೆಳಿಗ್ಗೆ ಯಂತ್ರದ ಮುಂದೆ ಕುಳಿತಾಗ ಅವರ ನಾಲಿಗೆ, ಅವರಿಗೆ ಗೊತ್ತಿಲ್ಲದಂತೆ, ಅದನ್ನೇ ನುಡಿಯಿತು. ಹನ್ನೆರಡು ಬೀಜ ಸರಿದವು. ಸುತ್ತು ಮಾತ್ರ ಎಂಬತ್ತನಾಲ್ಕು. ಮಧ್ಯಾಹ್ನ ಊಟಕ್ಕೆ ಏಳುವಾಗ ಕಾಯಿಲುಗಳ ತಟ್ಟೆ ಎತ್ತಿದವರಿಗೆ ಅದು ಕೈಗೆ ಹಗುರವೆನಿಸಿತು. ಒಂದನ್ನು ಬಿಚ್ಚಿ ಎಣಿಸಿದರು, ಎಂಬತ್ತನಾಲ್ಕು. ಇನ್ನೊಂದನ್ನು ಬಿಚ್ಚಿದರು, ಎಂಬತ್ತನಾಲ್ಕು. ಇಡೀ ತಟ್ಟೆಯಲ್ಲಿ ಒಂದಕ್ಕೂ ಹನ್ನೊಂದು ಸುತ್ತು ಕಡಿಮೆಯಿರಲಿಲ್ಲ, ಒಂದಕ್ಕೂ ಹದಿಮೂರು ಕಡಿಮೆಯಿರಲಿಲ್ಲ. ಅಷ್ಟು ಕರಾರುವಾಕ್ಕಾಗಿ ತಪ್ಪು ಮಾಡಬಲ್ಲ ಕೈ ಆ ಕಾರ್ಖಾನೆಯಲ್ಲಿ ಇನ್ನೊಂದಿರಲಿಲ್ಲ.

ಯಾರೂ ಕಂಡುಹಿಡಿದಿರಲಿಲ್ಲ. ಆ ಕಾಯಿಲುಗಳ ಮೇಲಿದ್ದುದು ಬೇರೊಬ್ಬನ ಚೀಟಿ. ಸುಮ್ಮನಿದ್ದರೆ ಶಿಕ್ಷೆ ಅವನಿಗೆ. ಅದಕ್ಕಾಗಿಯೇ ಅವರು ಊಟಕ್ಕೆ ಹೋಗದೆ ನೇರವಾಗಿ ಫೋರ್‌ಮನ್ನನ ಬಳಿಗೆ ಹೋಗಿ ಏನಾಯಿತು, ಏಕಾಯಿತು ಎಂಬುದನ್ನು ಹೇಳಿದರು. ಸಂಜೆಯೊಳಗೆ ಎಲ್ಲವನ್ನೂ ಬಿಚ್ಚಿ ಮತ್ತೆ ಸುತ್ತಿ ಕೊಟ್ಟರು. ಒಂದು ಮೊಳ ತಂತಿಯೂ ನಷ್ಟವಾಗಲಿಲ್ಲ.

ಸರಿಯಿದ್ದಷ್ಟು ದಿನ ಆ ಕೆಲಸ ಇನ್ನೊಬ್ಬರದಾಗಿತ್ತು. ತಪ್ಪಿದ ಒಂದು ದಿನ ಅದು ಅವರದಾಯಿತು.

ಮರುದಿನ ಮ್ಯಾನೇಜರು ನನಗೆ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಹೇಳಿ ಬರೆಸಿದರು. ಅದರ ಅರ್ಥ ಹೀಗಿತ್ತು: ನೃತ್ಯದ ಚಟದಿಂದಾಗಿ ಈಕೆ ಕೆಲಸದಲ್ಲಿ ಎಚ್ಚರ ತಪ್ಪುವವಳು, ಜವಾಬ್ದಾರಿಯ ದರ್ಜೆಗೆ ತಕ್ಕವಳಲ್ಲ, ಇದನ್ನು ಈಕೆಯೇ ಒಪ್ಪಿದ್ದಾಳೆ. ಎಣಿಸುವ ಉಪಕರಣ ಕೆಟ್ಟಿರುವುದರ ಬಗ್ಗೆ ಅದರಲ್ಲಿ ಒಂದು ಶಬ್ದವೂ ಇರಲಿಲ್ಲ. ಅದೇ ವರ್ಷ ಕುಡಿದು ಬಂದು ಡ್ರಿಲ್ಲಿಂಗ್ ಯಂತ್ರವನ್ನೇ ಹಾಳುಮಾಡಿದ ಫಿಟ್ಟರನ ಕಡತಕ್ಕೆ ಯಾವ ಟಿಪ್ಪಣಿಯೂ ಸೇರಲಿಲ್ಲ. ಕಡತಗಳು ನನ್ನ ಕೈಯಲ್ಲಿದ್ದವು, ಆದ್ದರಿಂದ ಹೇಳುತ್ತೇನೆ.

ಇನ್ನೊಂದು ತಪ್ಪನ್ನೂ ಹೆಸರಿಟ್ಟು ಹೇಳಬೇಕು, ಅದು ನನ್ನದು. ಮೇಷ್ಟರನ್ನು ಪ್ರಶ್ನಿಸುವುದು ವಿದ್ಯಾರ್ಥಿಯ ಕರ್ತವ್ಯವೆಂದು ಕಲಿಸುತ್ತಿದ್ದ ಶಾಲೆಯಲ್ಲಿ ಓದಿದವಳು ನಾನು. ಅಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಹಿಗೆಂದು ಕಾಗದ ಹಿಡಿದು ಹೋದಾಗ, ‘ಏನಂತ ಬರ್ದಿದಾರೆ ಓದಿ ಹೇಳಮ್ಮ’ ಎಂದರು. ಆ ಮಾತುಗಳನ್ನು ಅವರ ಮುಖದ ಮುಂದೆ ಹೇಳಲು ನನಗೆ ನಾಲಿಗೆ ಬರಲಿಲ್ಲ. ‘ಇನ್ನು ಮುಂದೆ ಎಚ್ಚರವಾಗಿರಿ ಅಂತ ಇದೆ ಅಕ್ಕ’ ಎಂದೆ. ಅವರು ಕನ್ನಡದಲ್ಲಿ, ದುಂಡಗೆ, ನಿಧಾನವಾಗಿ ಸಹಿ ಹಾಕಿದರು. ಕರುಣೆಯೆಂದುಕೊಂಡು ನಾನು ಮಾಡಿದ್ದು ಮೋಸ.

ಮೊದಲ ದರ್ಜೆಗೆ ಪರೀಕ್ಷೆಯಿತ್ತು. ಅಕ್ಕ ಮೂರು ಬಾರಿ ಕುಳಿತರು. ಮೂರು ಬಾರಿಯೂ ಸುತ್ತುವ ಪರೀಕ್ಷೆಯಲ್ಲಿ ಅವರೇ ಮುಂದು. ಮೂರು ಬಾರಿಯೂ ಅಧಿಕಾರಿಗಳು ಕಡತ ತೆರೆದು, ಸಹಿ ತೋರಿಸಿ, ಇಲ್ಲವೆಂದರು. ಅಕ್ಕನ ಬಳಿಯೇ ಕೂತು ಕೆಲಸ ಕಲಿತ ಇಬ್ಬರು ಗಂಡಸರು ಆ ದರ್ಜೆ ಪಡೆದರು. ಅವರಲ್ಲೊಬ್ಬ ಲಾಡು ತಂದುಕೊಟ್ಟಾಗ ಅಕ್ಕ ಒಂದು ತೆಗೆದುಕೊಂಡು, ‘ತಂತಿ ಎಡಗೈಲಿ ಇನ್ನೂ ಬಿಗೀತೀಯ ನೀನು, ಸ್ವಲ್ಪ ಸಡಿಲ ಬಿಡು’ ಎಂದದ್ದು ನನಗೆ ನೆನಪಿದೆ.

ಮೂರನೆಯ ಸಲದ ನಂತರ ದಾರಿಯಲ್ಲಿ ನಿಂತು ನಾನು ಎಲ್ಲವನ್ನೂ ಹೇಳಿದೆ. ಟಿಪ್ಪಣಿಯ ಒಂದೊಂದು ಮಾತನ್ನೂ ಹೇಳಿದೆ.  ಅವರು ಸೈಟಿನ ಗುರುತಿನ ಕಲ್ಲೊಂದರ ಮೇಲೆ ಕುಳಿತು ಕಾಲಿಗೆ ಮೆತ್ತಿದ್ದ ಮಣ್ಣನ್ನು ಉಜ್ಜಿ ತೆಗೆಯುತ್ತಿದ್ದರು.

‘ಅಳಬೇಡ ಈಗ’ ಎಂದರು ಕೊನೆಗೆ. ‘ನೀನು ಅತ್ರೆ ನಾನೇ ಸಮಾಧಾನ ಮಾಡ್ಬೇಕು. ನನಗೆ ಆ ಕೆಲ್ಸಾನೂ ಬೇರೆ ಹಚ್ಚಬೇಡ.’

‘ಏನು ಮಾಡ್ಲಿ ಅಕ್ಕ?’

‘ಇನ್ಮೇಲೆ ನನಗೆ ಏನನ್ನೂ ಓದಿ ಹೇಳ್ಬೇಡ. ಓದೋದು ಕಲಿಸು.’

ಒಂದು ವರ್ಷ ಕಲಿಸಿದೆ; ಸಂಜೆ ನಾಟ್ಯದ ಪಾಠ ಶುರುವಾಗುವ ಮುಂಚೆ, ಗುರುಗಳ ಮನೆಯ ಜಗಲಿಯ ಮೇಲೆ ಅರ್ಧ ಗಂಟೆ. ಕಾರ್ಖಾನೆಯಲ್ಲಿ ಅಂಟಿಸಿದ್ದ ಸುತ್ತೋಲೆಗಳೇ ಪಠ್ಯಪುಸ್ತಕ. ‘ನಿನ್ನ ಇಂಗ್ಲಿಷ್‌ಗೆ ತಾಳಾನೇ ಇಲ್ಲ, ಹೇಳೋದೊಂದು ಬರೆಯೋದೊಂದು’ ಎಂದು ನನ್ನನ್ನೇ ಬೈಯುತ್ತಿದ್ದರು. ಒಳಗಿನಿಂದ ಗುರುಗಳು, ‘ತಪ್ಪಿದ್ರೆ ಅವಳಿಗೆ ಕೋಲಲ್ಲಿ ಕೊಡಮ್ಮ, ನನ್ನ ಹತ್ರ ಇದೆ’ ಎನ್ನುತ್ತಿದ್ದರು.

ಅರವತ್ತರ ದಶಕ ಶುರುವಾಗಿತ್ತು. ಆ ವರ್ಷ ಅಕ್ಕ ನಾಲ್ಕನೆಯ ಬಾರಿ ಪರೀಕ್ಷೆಗೆ ಅರ್ಜಿ ಹಾಕಿದಾಗ ಮ್ಯಾನೇಜರು ಅವರನ್ನು, ಜೊತೆಗೆ ನನ್ನನ್ನೂ, ಕೋಣೆಗೆ ಕರೆಸಿದರು. ನಾನು ಟೈಪ್ ಮಾಡಿದ್ದ ಮುಚ್ಚಳಿಕೆಯೊಂದನ್ನು ಮುಂದಿಟ್ಟು, ‘ನೋಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಇದಕ್ಕೆ ಸೈನ್ ಮಾಡು. ಈ ತಿಂಗಳೇ ಗ್ರೇಡ್ ಕೊಡ್ತೀನಿ’ ಎಂದರು.

‘ಕೊಡಿ ಸಾರ್, ಓದ್ತೀನಿ.’

ಮ್ಯಾನೇಜರು ನನ್ನತ್ತ ನೋಡಿದರು. ಅಕ್ಕ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು.  ಒಂದು ಶಬ್ದದ ಬಳಿ ಬೆರಳು ನಿಂತಿತು. ‘ಇದು ಎಂದೆಂದಿಗೂ ಅಂತಾನಾ?’ ಎಂದು ನನ್ನನ್ನು ಕೇಳಿದರು.

‘ಹೌದು ಅಕ್ಕ. ಎಂದೆಂದಿಗೂ ವೇದಿಕೆ ಮೇಲೆ ಕುಣಿಯೋದಿಲ್ಲ, ಯಾರಿಗೂ ಕಲಿಸೋದಿಲ್ಲ ಅಂತ’ ಎಂದೆ. ಆ ದಿನ ಒಂದು ಶಬ್ದವನ್ನೂ ಮೆದುಮಾಡಲಿಲ್ಲ.

ಅವರು ಕಾಗದವನ್ನು ಮೇಜಿನ ಮೇಲೆ ನೇರವಾಗಿ ಇಟ್ಟರು. ‘ಎಂಟು ಗಂಟೆಗೆ ಗೇಟ್ ಒಳಗೆ ಬರ್ತೀನಿ, ಐದು ಗಂಟೆಗೆ ಆಚೆ ಹೋಗ್ತೀನಿ. ನಡುವೆ ಇರೋದು ನಿಮ್ದು ಸಾರ್. ಆಚೆದನ್ನ ನೀವು ಹೆಂಗೆ ಬರೆಸ್ಕೊತೀರ?’

‘ಹಾಗಾದ್ರೆ ಗ್ರೇಡ್ ಮರೆತುಬಿಡು.’

‘ಮರೆಯೋದು ಯಾಕೆ ಸಾರ್, ಕೈಯಲ್ಲೇ ಐತಲ್ಲ. ನಿಮ್ಮ ಕಾಗದದಲ್ಲಿ ಇಲ್ಲ ಅಷ್ಟೇ. ಹಳೇ ಟಿಪ್ಪಣಿ ಹೊಡೆದುಹಾಕಿ, ಪರೀಕ್ಷೆ ಮಾಡಿ. ಸೋತ್ರೆ ನಾನೇ ಕೇಳೋದು ಬಿಡ್ತೀನಿ.’

ಟಿಪ್ಪಣಿ ಹೋಗಲಿಲ್ಲ. ಅವರು ಕೇಳುವುದನ್ನೂ ಬಿಡಲಿಲ್ಲ. ಆಮೇಲೆ ಪ್ರತಿ ವರ್ಷವೂ ತಮ್ಮ ಕೈಯಿಂದಲೇ ಬರೆದ ಅರ್ಜಿ ತಂದು ನನ್ನ ಮೇಜಿನ ಮೇಲೆ ಇಟ್ಟು, ಸ್ವೀಕರಿಸಿದ್ದಕ್ಕೆ ಸಹಿ ಪಡೆದೇ ಹೋಗುತ್ತಿದ್ದರು.

ಚಟವೆಂದು ಯಾವುದನ್ನು ಕಡತದಲ್ಲಿ ಬರೆದರೋ ಅದನ್ನೇ ವಾರ್ಷಿಕೋತ್ಸವದಲ್ಲಿ ಅತಿಥಿಗಳಿಗೆ ತೋರಿಸಲು ಆಡಳಿತದವರಿಗೆ ನಾಚಿಕೆಯಿರಲಿಲ್ಲ. ಹಿಂದೆಲ್ಲ ಕರೆದಾಗ ಕುಣಿದಿದ್ದ ಅಕ್ಕ, ಮುಚ್ಚಳಿಕೆಯ ವರ್ಷ ಕರೆಯಲು ಬಂದ ಕಚೇರಿಯ ಅಧಿಕಾರಿಗೆ, ‘ಬರ್ತೀನಿ ಸಾರ್. ವೈಂಡರ್ ಅಂತ ಕೂಗ್ಬೇಕು’ ಎಂದರು. ಅವನು ಆಗಲಿ ಎಂದ. ಸಂಜೆ ಮೈಕಿನ ಮುಂದೆ, ‘ಈಗ ನಮ್ಮ ಕಾರ್ಖಾನೆಯ ಕಲಾವಿದೆಯಿಂದ ಭರತನಾಟ್ಯ’ ಎಂದ. ಪರದೆಯ ಪಕ್ಕ ಗೆಜ್ಜೆ ಕಟ್ಟಿ ನಿಂತಿದ್ದ ಅಕ್ಕ ಕದಲಲಿಲ್ಲ. ವೇದಿಕೆಯ ಅಂಚಿನಲ್ಲಿ ತಾಳ ಹಿಡಿದು ಕುಳಿತಿದ್ದ ಗುರುಗಳು ತಾಳವನ್ನು ಮಡಿಲಿಗೆ ಇಳಿಸಿದರು. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧಿಕಾರಿ ಪರದೆಯ ಬಳಿಗೆ ಓಡಿ ಬಂದ.

‘ಏನಮ್ಮ ಇದು, ಮರ್ಯಾದೆ ತೆಗೀತೀಯ?’

‘ಕಲಾವಿದೆ ಬರ್ಲಿ ಅಂತ ಕಾಯ್ತಿದೀನಿ ಸಾರ್. ನಾನು ವೈಂಡರು.’

ಅವನು ಹಿಂದಿರುಗಿ ಹೋಗಿ, ಎರಡು ಬಾರಿ ಕೆಮ್ಮಿ, ‘ವೈಂಡಿಂಗ್ ವಿಭಾಗದ ವೈಂಡರ್’ ಎಂದು ಅವರ ಹೆಸರು ಹೇಳಿದ. ನೆಲದ ಮೇಲೆ ಕುಳಿತಿದ್ದ ಅವರ ವಿಭಾಗದ ಹತ್ತು ಹೆಂಗಸರು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಅಕ್ಕ ಆ ದಿನ ಕುಣಿದದ್ದು ಅದೇ ಮಿಶ್ರಛಾಪಿನ ನೃತ್ಯ. ನಾಟ್ಯದ ಹೆಚ್ಚು ಕಡಿಮೆ ಅಳೆಯುವ ವಿದ್ವತ್ತು ನನಗಿಲ್ಲ. ಅವರ ಹೆಜ್ಜೆ ನೆಲಕ್ಕೆ ಬಿದ್ದಾಗ ಅದು ಅಲ್ಲಿಯೇ ಬೀಳಬೇಕಾಗಿತ್ತು ಎನಿಸುತ್ತಿತ್ತು, ಅಷ್ಟು ಹೇಳಬಲ್ಲೆ. ಮುಂದಿನ ಸಾಲಿನಲ್ಲಿದ್ದ ಮ್ಯಾನೇಜರು ಕೊನೆಯವರೆಗೂ ಕೂತು ನೋಡಿದರು. ಮರುದಿನ ಬೆಳಿಗ್ಗೆ ಅಕ್ಕನ ಕಾಯಿಲುಗಳಿಗೆ ಎಂದಿನಂತೆ ಬೇರೊಬ್ಬನ ಚೀಟಿ ಕಟ್ಟಿದರು.

ಹೀಗೆ ಬೇರೆಯವರ ಚೀಟಿಗೇ ಸುತ್ತುತ್ತ ಅಕ್ಕ ನಿವೃತ್ತರಾದರು, ಹೆಲ್ಪರಾಗಿಯೇ. ಗುರುಗಳು ಹೋದ ಮೇಲೆ ಸಾರಕ್ಕಿಯ ತಮ್ಮ ಮನೆಯಲ್ಲೇ ಹುಡುಗಿಯರಿಗೆ ಕಲಿಸಿದರು. ಹೊಸ್ತಿಲಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ಕಾರ್ಖಾನೆ ಸೋಲಿಸಿದ ಹೆಂಗಸು ಎಂದು ಯಾರಾದರೂ ಅವರ ಬಗ್ಗೆ ಮರುಗಿದರೆ ನಾನು ಒಪ್ಪುವುದಿಲ್ಲ. ಸೋತವರು ವರ್ಷ ವರ್ಷ ಅರ್ಜಿ ಬರೆಯುವುದಿಲ್ಲ.

ಕಾರ್ಖಾನೆಯ ಆಡಳಿತ ಮಂಡಳಿಯವರೇ, ಆ ಅರ್ಜಿಗಳಲ್ಲಿ ಒಂದಕ್ಕೂ ನಿಮ್ಮ ಹಿಂದಿನವರು ಉತ್ತರ ಕೊಟ್ಟಿಲ್ಲ. ಉತ್ತರ ಕೊಡಬೇಕಾದವರು ಈಗ ನೀವು. ಸಂತಾಪ ಸೂಚಕ ಸಭೆ ಬೇಡ, ಅವರ ಹೆಸರಿನಲ್ಲಿ ನೃತ್ಯ ಸ್ಪರ್ಧೆಯೂ ಬೇಡ. ಅವರ ಕಡತದಿಂದ ಆ ಟಿಪ್ಪಣಿಯನ್ನು ಲಿಖಿತ ಆದೇಶದ ಮೂಲಕ ತೆಗೆದುಹಾಕಿ. ಅವರು ಮೊದಲ ಬಾರಿ ಪರೀಕ್ಷೆಗೆ ಕುಳಿತ ದಿನದಿಂದ ಅವರನ್ನು ಮೊದಲ ದರ್ಜೆಯ ವೈಂಡರ್ ಎಂದು ದಾಖಲಿಸಿ. ಆ ಆದೇಶವನ್ನು ಕಚೇರಿಯ ಗೋಡೆಗೆ ಅಂಟಿಸಿ ಸುಮ್ಮನಾಗಬೇಡಿ. ಬೆಳಗಿನ ಪಾಳಿ ಶುರುವಾಗುವಾಗ ವೈಂಡಿಂಗ್ ವಿಭಾಗಕ್ಕೆ ನೀವೇ ಬನ್ನಿ, ಯಂತ್ರಗಳನ್ನು ನಿಲ್ಲಿಸಿ, ಈಗ ಅಲ್ಲಿ ಕೂತಿರುವ ಹೆಂಗಸರೆಲ್ಲರಿಗೂ ಕೇಳುವಂತೆ, ಕನ್ನಡದಲ್ಲಿ, ಗಟ್ಟಿಯಾಗಿ ಓದಿ.